ಪಾಲಿನ ಟೈರು, ಬ್ರೇಕ್ ಇನ್ಸ್‌ಪೆಕ್ಟರು

೧೯೫೧ರಲ್ಲಿ, ಏಳನೇ ಕ್ಲಾಸಿನ ನಡುವೆ, ನಾನು ಓದು ಬಿಟ್ಟೆ. ಬಸ್ಸು ತೊಳೆದೆ, ಕ್ಲೀನರಾದೆ, ಡ್ರೈವರಾದೆ. ಹತ್ತು ವರ್ಷ ದುಡಿದ ಮೇಲೆ ಬೂದಿಕೋಟೆಯಿಂದ ಬಂಗಾರಪೇಟೆ ಮೇಲೆ ರಾಬರ್ಟ್‌ಸನ್‌ಪೇಟೆಗೆ ಓಡುವ ಹಳೇ ಬಸ್ಸೊಂದು ನನ್ನದೇ ಆಯಿತು. ಓಡಿಸುತ್ತಿದ್ದವನೂ ನಾನೇ. ಅದರ ಮೈಯೆಲ್ಲ ನನಗೆ ಗೊತ್ತು ಅಂತ ಯಾರ ಮುಂದೆ ಬೇಕಾದರೂ ಹೇಳಿಕೊಳ್ಳುತ್ತಿದ್ದೆ.

ವರ್ಷಕ್ಕೊಮ್ಮೆ ಬ್ರೇಕ್ ಇನ್ಸ್‌ಪೆಕ್ಟರಿಗೆ ಗಾಡಿ ತೋರಿಸಿ, ಓಡಿಸಲು ಯೋಗ್ಯ ಅನ್ನುವ ಎಫ್.ಸಿ. ಬರೆಸಬೇಕು, ಅದಿಲ್ಲದೆ ಬಸ್ಸು ರಸ್ತೆಗೆ ಇಳಿಯೋ ಹಾಗಿಲ್ಲ. ಒಂದೊಂದೇ ಬಸ್ಸಿದ್ದ ನಾವು ಮೂವರು ಮಾಲೀಕರು ಸೇರಿ ಆರು ಹೊಸ ಟೈರು ಕೊಂಡಿಟ್ಟಿದ್ದೆವು. ಯಾರ ಸರದಿ ಬಂತೋ ಅವರ ಬಸ್ಸಿಗೆ ಹಾಕುವುದು, ಎಫ್.ಸಿ. ಆದ ಸಾಯಂಕಾಲವೇ ಬಿಚ್ಚಿ ನುಣ್ಣಗಾದ ಹಳೇ ಟೈರು ಏರಿಸುವುದು. ಇದು ತಪ್ಪು ಅಂತ ನಮಗೆ ಅನ್ನಿಸಿರಲೇ ಇಲ್ಲ.

ಆ ವರ್ಷ ಬಂದ ಇನ್ಸ್‌ಪೆಕ್ಟರು ನರೆತ ತಲೆಯವರು, ಮೆತ್ತಗಿನ ಮಾತಿನವರು. ಮುಂದಿನ ಟೈರಿನ ಪಕ್ಕೆಯಲ್ಲಿದ್ದ ಗೀರನ್ನು ಬೆರಳಲ್ಲಿ ಸವರಿದರು.

"ಮದುವೆ ಹೆಣ್ಣು ಬೇರೆ, ಒಡವೆ ಮಾತ್ರ ಅದೇ. ಹೋದ ತಿಂಗಳು ಇನ್ನೊಬ್ಬರ ಬಸ್ಸಲ್ಲಿ ನೋಡಿದ್ದೆ ಕಣಪ್ಪ ಇದನ್ನ."

ಅವರು ಬೈಯಲಿಲ್ಲ. ಜಾಕಿ ಕೊಡಿಸಿ ಚಕ್ರ ಎತ್ತಿಸಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರು. ಕಟಕಟ ಅಂದಿತು.

"ಕೇಳಿಸ್ತಾ?"

"ಅದು ಯಾವಾಗ್ಲೂ ಹಂಗೇ ಸಾರ್."

"ಅದಕ್ಕೇ ನಿನಗೆ ಕೇಳಿಸ್ತಿಲ್ಲ. ಮುಂದಿನ ಚಕ್ರ ಹಿಡಿದಿರೋ ಕಿಂಗ್ ಪಿನ್ ಸವೆದಿದೆ, ಬದಲಾಯಿಸು, ನಿನ್ನದೇ ಟೈರು ಹಾಕ್ಕೊಂಡು ಬಾ. ಅಲ್ಲೀತನಕ ಎಫ್.ಸಿ. ಇಲ್ಲ."

ಪಿನ್ನು, ಟೈರು ಅಂತ ಬಸ್ಸು ಹತ್ತು ದಿನ ನಿಂತರೆ ಜನ ಬೇರೆ ಬಸ್ಸಿಗೆ ರೂಢಿಯಾಗಿಬಿಡುತ್ತಾರೆ. ಬೆಳಗಿನ ಟ್ರಿಪ್ಪನ್ನಾದರೂ ಕದ್ದು ಓಡಿಸೋಣ ಅಂದೆ. ಕಂಡಕ್ಟರಾಗಿದ್ದ ನಮ್ಮ ಭಾವ ಚೀಲ ಕೆಳಗಿಟ್ಟ.

"ಮೇಷ್ಟ್ರು ತಪ್ಪು ತೋರ್ಸಿದ್ರೂಂತ ಇಸ್ಕೂಲೇ ಬಿಟ್ಟೋನು ನೀನು. ಈಗ ಎಲ್ಲಿಗ್ಲಾ ಓಡ್ತೀಯ? ಚಿನ್ನದ ಗಣಿ ಮೈಸೂರು ಮೈನ್ಸ್ ಶಿಫ್ಟಿನೋರು ಬಸ್ ತುಂಬ ಕೂತಿರ್ತಾರೆ ಕಣ್ಲಾ. ನಾನಂತೂ ಬರಾಕಿಲ್ಲ."

ರಾಬರ್ಟ್‌ಸನ್‌ಪೇಟೆಯ ಗ್ಯಾರೇಜಿನ ಮೇಸ್ತ್ರಿ ಪಿನ್ನನ್ನು ಬಡಿದು ಈಚೆ ತೆಗೆದು ನನ್ನ ಅಂಗೈಗೆ ಹಾಕಿದ. ಒಂದು ಕಡೆ ಅರ್ಧಕ್ಕರ್ಧ ಸವೆದಿತ್ತು.

"ಇನ್ನು ನಾಲ್ಕು ದಿನ ಓಡ್ಸಿದ್ರೆ ಚಕ್ರ ಒಂದು ದಾರಿ, ನೀನೊಂದು ದಾರಿ ಅಣ್ಣೇ" ಅಂದ.

ಅದನ್ನು ಜೇಬಿಗೆ ಹಾಕಿಕೊಂಡು ಹೊಸ ಟೈರು ಕೊಳ್ಳಲು ಹೋದೆ.

ಹನ್ನೊಂದನೇ ದಿನ ಸ್ವಂತ ಟೈರಿನ ಮೇಲೆ ಹೋದೆ. ಇನ್ಸ್‌ಪೆಕ್ಟರು ಮತ್ತೆ ಚಕ್ರ ಅಲ್ಲಾಡಿಸಿ, ಕಿವಿಗೊಟ್ಟು ಕೇಳಿ, ಬರೆದುಕೊಟ್ಟರು. ಪಾಲಿನ ಟೈರುಗಳನ್ನು ಉಳಿದಿಬ್ಬರು ಮಾಲೀಕರಿಗೇ ಬಿಟ್ಟೆ. "ಬಂದ ನೋಡು ಧರ್ಮಾತ್ಮ" ಅಂತ ಆಡಿಕೊಂಡರು. ಆಡಿಕೊಳ್ಳಲಿ. ಬಸ್ಸು ನಮ್ಮದೇ ಇರಬಹುದು, ಕೂರುವವರ ಪರವಾಗಿ ಅದರ ಕೆಳಗೆ ಬಗ್ಗಿ ನೋಡುವವನೊಬ್ಬ ಬೇಕು. ಅಂಥವರನ್ನು ಕಂಡರೆ ನಾವು ಬೀದಿ ಬದಲಾಯಿಸುತ್ತಿದ್ದೆವು. ಬಿಸಿಲು ಅವರಿಗೂ ಬಿಸಿಲೇ, ಗ್ರೀಸು ಅವರ ಮೊಣಕಾಲಿಗೂ ಮೆತ್ತುತ್ತದೆ.

ಈಗ ನನಗೆ ಎರಡು ಬಸ್ಸು, ಎರಡಕ್ಕೂ ಎಫ್.ಸಿ., ಬಂಗಾರಪೇಟೆಯಲ್ಲಿ ಒಂದು ಹೆಂಚಿನ ಮನೆ, ನಾಲ್ಕು ಜನ ಕೆಲಸದವರು.