ನಮ್ಮ ಓಣಿಗೆ ನೀರು ಹರಿಸಿದ ಕ್ಯಾಮೆರಾ

ಅವರ ಎಡಗಣ್ಣು ಸದಾ ಅರ್ಧ ಮುಚ್ಚಿರುತ್ತಿತ್ತು. ಬಲಗಣ್ಣನ್ನು ಕ್ಯಾಮೆರಾಕ್ಕೆ ಒತ್ತಿ ಹಿಡಿದು ಜೀವಮಾನ ಕಳೆದದ್ದರ ಫಲ ಅದು. ಎಡಗೆನ್ನೆಯ ಚರ್ಮವೆಲ್ಲ ಆ ಕಣ್ಣಿನ ಕಡೆಗೆ ಸುಕ್ಕುಗಟ್ಟಿ ಏರಿ, ಯಾವಾಗ ನೋಡಿದರೂ ಹುಣಸೆಕಾಯಿ ಕಚ್ಚಿದವರ ಹಾಗೆ ಕಾಣುತ್ತಿದ್ದರು. ಊಟಕ್ಕೆ ಕೂತರೂ ತಾಟಿನ ರೊಟ್ಟಿಯನ್ನು ಒಂದೇ ಕಣ್ಣಿನಿಂದ ನೋಡುತ್ತಿದ್ದರು. ಸವಣೂರಿನ ನಮ್ಮ ಓಣಿಯ ಕೊನೆಯ ಮನೆ ಅವರದು. ಓಣಿಯವರೆಲ್ಲ ಕ್ಯಾಮೆರಾ ಸಾಹೇಬರು ಅನ್ನುತ್ತಿದ್ದರು. ಬೇರೆ ಏನೇನೋ ಅನ್ನಬೇಕೆಂದು ನಾಲಿಗೆಯ ತುದಿಗೆ ಬಂದಾಗಲೂ ನಾನು ಹಾಗೆಯೇ ಕರೆಯುತ್ತಿದ್ದೆ.

ಡಾಕ್ಯುಮೆಂಟರಿ ತೆಗೆಯುವುದು ಅವರ ಕಸುಬು. ಮದುವೆಯ ವಿಡಿಯೊದಿಂದ ಶುರುಮಾಡಿದ್ದರೂ ಆ ಮಾತು ಎತ್ತಿದರೆ ಮೂಗು ಮುರಿಯುತ್ತಿದ್ದರು. "ಅದು ಹೊಟ್ಟೀಪಾಡು. ಇದು ಇತಿಹಾಸ" ಎನ್ನುತ್ತಿದ್ದರು. ಆ ಇತಿಹಾಸದ ಸಾಮಾನೆಲ್ಲ ಅವರ ಹಳೆಯ ಜೀಪಿನ ಹಿಂದುಗಡೆ ಇರುತ್ತಿತ್ತು: ಒಂದು ಮಣ್ಣಿನ ಗಡಿಗೆ, ಒಂದು ಕಂದೀಲು, ಒಂದು ಕೆಂಪು ರುಮಾಲು. ಹಾನಗಲ್ಲಿಗೆ ಹೋದರೆ ಭತ್ತದ ರೈತನ ತಲೆಗೆ ಆ ರುಮಾಲು. ಹಿರೇಕೆರೂರಿಗೆ ಹೋದರೆ ಗೋವಿನಜೋಳ ಮಾರಲು ಬಂದವನ ತಲೆಗೂ ಅದೇ. ಮಾಸೂರಿನ ಕೆರೆಯ ದಂಡೆಯಲ್ಲಿ ಹೆಂಗಸರ ಪ್ಲಾಸ್ಟಿಕ್ ಕೊಡಗಳನ್ನೆಲ್ಲ ಗಿಡದ ಮರೆಗೆ ಸರಿಸಿ, ಆ ಒಂದೇ ಗಡಿಗೆಯನ್ನು ಒಬ್ಬೊಬ್ಬರ ಸೊಂಟಕ್ಕೂ ಕೊಟ್ಟು ತೆಗೆದಿದ್ದರು. ಶಿಗ್ಗಾಂವಿಯಲ್ಲಿ ಒಬ್ಬ ಮುದುಕ ಕೈಗಡಿಯಾರ ಬಿಚ್ಚಲು ಒಪ್ಪದಿದ್ದಾಗ, "ನಿಮ್ಮಂಥವ್ರಿಂದನ ನಮ್ಮ ಸಂಸ್ಕೃತಿ ಹಾಳಾತು" ಎಂದು ಬೈದು ಬಂದರಂತೆ. ಅದನ್ನು ತಾವೇ ಹೆಮ್ಮೆಯಿಂದ ಹೇಳಿಕೊಂಡಿದ್ದರು.

ಅವರ ಮನೆಯ ಪಡಸಾಲೆಯಲ್ಲಿ ಯಾವುದೋ ಪತ್ರಿಕೆಯಿಂದ ಕತ್ತರಿಸಿದ ಒಂದು ಚಿತ್ರ ಕಟ್ಟು ಹಾಕಿಸಿಕೊಂಡು ಕೂತಿತ್ತು. ಬೂಟು, ಟೊಪ್ಪಿಗೆ, ಮೂರು ಕಾಲಿನ ಮೇಲೆ ಮರದ ಪೆಟ್ಟಿಗೆ. ಹೋದವರಿಗೆಲ್ಲ ಅದರ ಪುರಾಣ ಆಗಲೇಬೇಕು. "ನೂರು ವರ್ಷದ ಹಿಂದ ಆಸ್ಟ್ರಿಯಾ ದೇಶದಾಗ ಇದ್ದ ಕ್ಯಾಮೆರಾದಾಂವ ಇಂವ. ಕೈಲೆ ಹಿಡಿಕಿ ತಿರುವಿ ತಿರುವಿ ಹಿಮದ ಗುಡ್ಡ ತೆಗ್ದ, ಯುದ್ಧ ತೆಗ್ದ. ಗುಂಡು ಹಾರೂದು ತಪ್ಪಿಹೋದ್ರ ಸೈನಿಕರನ್ನ ಮತ್ತೊಮ್ಮೆ ಓಡಸ್ತಿದ್ದ. ನಾ ಅವನ ಸಾಲಿನಾಂವ." ಆ ಪುಣ್ಯಾತ್ಮ ಹಾಗೆ ಮಾಡಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ನಮ್ಮವರು ಮಾತ್ರ ಬಂಕಾಪುರದ ಕೋಟೆಯ ದಿಬ್ಬ ಹತ್ತಬೇಕಾದರೆ ಇಬ್ಬರು ಕೈ ಹಿಡಿಯಬೇಕಾಗಿತ್ತು. ಸಾಲಿಗೆ ಸೇರುವ ಉಮೇದಿಗೇನೂ ಕಡಿಮೆಯಿರಲಿಲ್ಲ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ನಮ್ಮ ಓಣಿಯ ನೀರಿನ ಕೆಲಸಕ್ಕೆ ಅವರು ಕೈ ಹಾಕಿದ್ದು ನಮ್ಮ ಗ್ರಹಚಾರ.

ಓಣಿಯಲ್ಲಿ ನಳವೇನೋ ಇತ್ತು, ನೀರು ಬರುತ್ತಿರಲಿಲ್ಲ. ಹೆಂಗಸರು ಬಸ್‌ಸ್ಟ್ಯಾಂಡಿನ ಆಚೆಯ ಬೋರಿನಿಂದ ಹೊತ್ತು ತರುತ್ತಿದ್ದರು. ನಾನು ಹಿರೇಕೆರೂರಿನ ಸಾಲೆಯಲ್ಲಿ ಕಲಿಸಲು ನಸುಕಿನ ಬಸ್ಸಿಗೆ ಹೋದರೆ ತಿರುಗಿ ಬರುವುದು ದೀಪ ಹಚ್ಚುವ ಹೊತ್ತಿಗೆ. ಹಾಗಾಗಿ ಮನೆಯ ನೀರೆಲ್ಲ ಅವ್ವನ ಸೊಂಟದ ಮೇಲೆ. ಅವಳ ಮೊಣಕಾಲು ಸವೆದುಹೋಗಿದ್ದವು. ಭಾರ ಹೊರುವುದನ್ನು ಬಿಡದಿದ್ದರೆ ಹಾಸಿಗೆ ಹಿಡಿಯುತ್ತೀರಿ ಎಂದು ಡಾಕ್ಟರು ಹೇಳಿದ್ದರು. ಅಷ್ಟರಲ್ಲಿ ಊರಿನ ಯಾವುದಾದರೂ ಒಂದೇ ಓಣಿಗೆ ಹೊಸ ಪೈಪು ಬರುತ್ತದೆ, ತೊಂದರೆ ಇದ್ದವರು ಪುರಸಭೆಯವರು ಕರೆದ ಸಭೆಗೆ ಬಂದು ತೋರಿಸಬೇಕು ಎಂಬ ಸುದ್ದಿ ಬಂತು. ನಾವು ಅರ್ಜಿ ಬರೆಯಲು ಕೂತಾಗ ಸಾಹೇಬರು ಬಂದು, "ಅರ್ಜಿ ಯಾರು ಓದ್ತಾರ? ನಾ ಸಿನಿಮಾ ತೆಗೀತೇನಿ. ಸಾಹೇಬ್ರ ಕಣ್ಣಾಗ ನೀರು ಬರ್ಬೇಕು" ಎಂದರು. ಎದುರುಮನೆಯ ಖಾಲಾ ಸಹ ಅರ್ಜಿ ಬದಿಗಿಟ್ಟಳು. ನಮ್ಮವರೇ ಅಲ್ಲವೇ, ಅವರೂ ಅದೇ ಬೋರಿನ ನೀರು ಕುಡಿಯುವವರಲ್ಲವೇ ಎಂದು ನಂಬಿದೆವು.

ಒಂದು ರವಿವಾರ ಬೆಳಿಗ್ಗೆ ನೋಡಿದರೆ ಓಣಿಯ ಬಾಯಿಗೆ ನೀರಿನ ಟ್ಯಾಂಕರ್ ನಿಂತಿದೆ! ಸಾಹೇಬರು ನಳದ ಹಿಂದಿನ ಗೋಡೆಯ ಮರೆಯಿಂದ ಪೈಪು ಜೋಡಿಸಿ, ನಳದಲ್ಲಿ ಧಾರಾಕಾರ ನೀರು ಬಿಡಿಸಿದರು. ಅವ್ವ ಕೇಳಿದಳು: "ಸಾಹೇಬ್ರ, ನೀರಿಲ್ಲ ಅಂತ ತೋರ್ಸೂದಲ್ರಿ ನಾವು?"

"ಬರೇ ಒಣ ನಳ ತೋರ್ಸಿದ್ರ ಯಾರು ನೋಡ್ತಾರ, ಅಕ್ಕಾರ? ಮೊದಲ ನೀರು ಇದ್ದ ಕಾಲ ತೋರಸ್ತೇನಿ. ಎಲ್ಲಾರೂ ನಗ್ಬೇಕು. ಆಮ್ಯಾಲೆ ಒಮ್ಮಿಗೇ ನಳ ಬಂದ್. ನೋಡೋರ ಎದಿ ಝಲ್ ಅನಬೇಕು!"

ಒಪ್ಪಿದೆವು. ಹೆಂಗಸರು ಪೆಟ್ಟಿಗೆಯ ಸೀರೆ ಉಟ್ಟು ಸಾಲಾಗಿ ನಿಂತರು. ನಗು ಸಾಲದೆಂದು ಮತ್ತೆ, ಕೊಡ ಹೊಳೆಯಲಿಲ್ಲವೆಂದು ಮತ್ತೆ, ಕೋಳಿ ಅಡ್ಡ ಬಂತೆಂದು ಮತ್ತೆ. ಅವ್ವನಿಗೆ ನಗುವುದು ನಾಟಕವಾಗಿರಲಿಲ್ಲ. ಮನೆಯ ಮುಂದೆಯೇ ಕೊಡ ತುಂಬುವ ಸುಖಕ್ಕೆ ಅವಳ ಮುಖ ತಾನಾಗಿಯೇ ಅರಳಿತ್ತು. ಸಂಜೆಯವರೆಗೆ ಬರೀ ನೀರಿನ ಕಾಲವೇ ನಡೆಯಿತು. ಟ್ಯಾಂಕರ್ ಬರಿದಾಯಿತು, ಬೆಳಕು ಹೋಯಿತು. "ಒಣಾ ನಳ ನಾಳೆ ತೆಗೀತೇನಿ, ಅದೇನು ಓಡಿ ಹೋಗ್ತದ?" ಎಂದು ಜೀಪು ಹತ್ತಿದರು. ಮರುದಿನ ಬಂಕಾಪುರದಲ್ಲಿ ನವಿಲು ಗರಿ ಬಿಚ್ಚುತ್ತಿವೆ ಎಂದು ಯಾರೋ ಹೇಳಿದರಂತೆ, ಅತ್ತ ಹೋದರು. ನವಿಲುಗಳಿಂದ ಅವರಿಗೆ ಪುರುಸೊತ್ತು ಸಿಗಲೇ ಇಲ್ಲ.

ಸಭೆಯ ದಿನ ಇದ್ದಷ್ಟನ್ನೇ ಜೋಡಿಸಿ, ಕೊಳಲಿನ ಸಂಗೀತ ಹಾಕಿ ತೋರಿಸಿದರು. ಪರದೆಯ ಮೇಲೆ ನಮ್ಮ ಓಣಿ, ಭರ್ತಿ ನೀರು, ತುಂಬಿದ ಕೊಡ ಹೊತ್ತು ನಗುವ ಅವ್ವ. ಅಧಿಕಾರಿ ಚಪ್ಪಾಳೆ ತಟ್ಟಿದ. "ಈ ಅಜ್ಜಿ ಮುಖದಾಗಿನ ಸಂತೋಷ ನೋಡ್ರಿ! ಎಲ್ಲಾ ಓಣ್ಯಾಗ ಹಿಂಗ ನೀರು ಬರಬೇಕು" ಎಂದ. ಅವ್ವ ಗಾಬರಿಯಿಂದ ಎದ್ದು ನಿಂತಳು. "ಸಾಹೇಬ್ರ, ಅದು ನಾಟಕರಿ. ಟ್ಯಾಂಕರ್ ನೀರು ಅದು. ನಮ್ಮ ನಳದಾಗ ಹನಿ ನೀರಿಲ್ರಿ."

"ನಾಟಕ ಹೆಂಗವ್ವ? ಡಾಕ್ಯುಮೆಂಟರಿ ಅಂದ್ರ ಖರೇನ ಇರ್ತೈತಿ. ಹೌದಲ್ಲರಿ?" ಎಂದು ಆತ ಕ್ಯಾಮೆರಾ ಸಾಹೇಬರ ಕಡೆ ತಿರುಗಿದ.

ಅವರಿಗೆ ಆಗಷ್ಟೇ ಶಾಲು ಹೊದಿಸಿದ್ದರು. ಒಂದು ಮಾತು ಸಾಕಿತ್ತು. ಇಡೀ ಓಣಿ ಆ ಬಾಯಿಯನ್ನೇ ನೋಡುತ್ತಿತ್ತು. ಅವರು ಶಾಲಿನ ಅಂಚು ಸರಿಮಾಡಿಕೊಂಡು ಹೌದೆಂದು ತಲೆಯಾಡಿಸಿದರು. ಅವ್ವ ಕುಳಿತಳು. ಪೈಪು ಬೇರೆ ಓಣಿಗೆ ಹೋಯಿತು.

ನನ್ನ ಮೈಯೆಲ್ಲ ಉರಿಯಿತು. ಸುಳ್ಳರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಸಂತೆಯಲ್ಲಿ ಕೊಳೆತ ಬದನೆಕಾಯಿ ಅಡಿಯಲ್ಲಿಟ್ಟು ಮಾರುವವನಿಗೂ ಒಂದಿಷ್ಟು ಅಳುಕು ಇರುತ್ತದೆ. ಇವರಿಗೆ ಅದೂ ಇರಲಿಲ್ಲ. ಮರುದಿನ ಎದುರಾದಾಗ, "ಅವ್ವಾರ ಮುಖ ಸ್ಕ್ರೀನಿಗೆ ಭಾಳ ಚಲೋ ಹೊಂದತೈತಿ" ಎಂದು ನನ್ನನ್ನೇ ಹೊಗಳಿದಂತೆ ಹೇಳಿದರು. ಅಂದಿನಿಂದ ನಾನು ಅವರೊಡನೆ ಮಾತು ಬಿಟ್ಟೆ. ಅವ್ವ ಬಿಡಲಿಲ್ಲ. ಅವಳು ಬೋರಿನ ಹಾದಿ ಹಿಡಿದಳು.

ಹೋದ ಬೇಸಗೆಯಲ್ಲಿ ಅವರು ತೀರಿಕೊಂಡರು. ಹೆಂಡತಿ ಮಕ್ಕಳು ಇಲ್ಲದ ಮನೆ. ಹಾನಗಲ್ಲಿನಿಂದ ಅಣ್ಣನ ಮಗ ಬಂದ. ಹೆಣಕ್ಕೆ ಸ್ನಾನ ಮಾಡಿಸಬೇಕು, ಮನೆಯ ಹಂಡೆಯಲ್ಲಿ ತಂಬಿಗೆ ನೀರೂ ಇಲ್ಲ. ಅವನು ಅಂಗಳದ ನಳ ತಿರುವಿದ, ಮತ್ತೆ ತಿರುವಿದ, ನಮ್ಮೆಲ್ಲರ ಮುಖ ನೋಡಿದ. ಅವ್ವ ನಮ್ಮ ಮನೆಯೊಳಗಿನಿಂದ ಕೊಡ ತೆಗೆದುಕೊಂಡು ಹೊರಬಂದಳು.

"ಈ ಮನುಷ್ಯಾಗ ನೀ ಯಾಕ ಹೊರಬೇಕ ಅವ್ವಾ?" ಎಂದು ನಾನು ಕೈ ಹಿಡಿದೆ.

"ನೀರಿಲ್ಲದ ಓಣ್ಯಾಗ ಸತ್ತಾನ. ಮತ್ಯಾರು ಹೊರಬೇಕು?" ಎಂದು ಕೈ ಬಿಡಿಸಿಕೊಂಡಳು.

ಖಾಲಾ ತನ್ನ ಕೊಡ ತಂದಳು, ಹಿಂದೆಯೇ ಉಳಿದವರೂ ಬಂದರು. ನಾನೂ ಹೋದೆ. ಸಿಟ್ಟು ಇಳಿದು ಹೋದದ್ದಲ್ಲ, ಅವ್ವನ ಕೊಡ ಕಸಿದುಕೊಳ್ಳಲು ಹೋದೆ. ಅವಳು ಕೊಡಲಿಲ್ಲ. ಬಸ್‌ಸ್ಟ್ಯಾಂಡಿನ ಗೋಡೆ ಹಿಡಿದು, ಹೆಜ್ಜೆಗೊಮ್ಮೆ ನಿಂತು, ತುಂಬಿದ ಕೊಡವನ್ನು ಅವರ ಹೊಸ್ತಿಲಿಗೆ ಮುಟ್ಟಿಸಿದಳು. ಅಲ್ಲಿ ಕೂತವಳನ್ನು ನಾವು ಎತ್ತಿಕೊಂಡು ಮನೆಗೆ ತಂದೆವು.

ಆಮೇಲೆ ಅವ್ವ ಕೊಡ ಹೊತ್ತಿಲ್ಲ. ನಾನು ನಸುಕಿನಲ್ಲಿ ಎದ್ದು ನೀರು ತುಂಬಿಟ್ಟು ಬಸ್ಸಿಗೆ ಹೋಗುತ್ತೇನೆ.