ಗೇಟಿನಲ್ಲಿ ಹಿಡಿದ ಅಂತರಗಂಗೆ

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಕುಶಾಲನಗರದ ಸೇತುವೆ ದಾಟಿದರೆ ಮೈಸೂರು. ಹೊರಗಿನಿಂದ ಬರುವ ಪೀಡೆ ಗಿಡಗಳನ್ನು ಸೇತುವೆಯ ಈಚೆ ಬದಿಯ ಗೇಟಿನಲ್ಲಿ ತಡೆಯುವುದು ನನ್ನ ಕೆಲಸ.

ಒಂದು ಬೆಳಿಗ್ಗೆ ಮೈಸೂರಿನ ಬಸ್ಸಿನಿಂದ ಗಿಡದ ವ್ಯಾಪಾರಿಯೊಬ್ಬ ಇಳಿದ. ಅವನ ಒದ್ದೆ ಗೋಣಿ ಬಿಚ್ಚಿಸಿದರೆ ಒಳಗೆ ಅಂತರಗಂಗೆ, ನೇರಳೆ ಹೂ ಸಮೇತ! ಅಮ್ಮತ್ತಿಯ ಎಸ್ಟೇಟ್ ಬಂಗಲೆಗಳ ಕೊಳಕ್ಕಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಅತ್ತೆಯ ಊರಿನ ಕೆರೆಯನ್ನು ಇದೇ ಗಿಡ ನುಂಗಿತ್ತು. ಕೊಡ ಮುಳುಗಿಸಲೂ ಜಾಗ ಬಿಟ್ಟಿರಲಿಲ್ಲ.

“ಚಂದದ ಹೂ ಸಾರ್, ತಾನಾಗೇ ಬೆಳೆಯುತ್ತೆ,” ಎಂದ.

“ತಾನಾಗೇ ಬೆಳೆಯೋದೇ ಕಣಯ್ಯಾ ಪೀಡೆ!” ಎಂದು ಕೂಗಾಡಿ, ಗೋಣಿ ಕಿತ್ತುಕೊಂಡು ಗೇಟಿನ ಕಾವಲುಗಾರ ಸಣ್ಣೇಗೌಡರ ಕೈಗೆ ಕೊಟ್ಟೆ. “ಒಂದು ಎಲೆಯೂ ಉಳಿಯಬಾರದು, ಸುಟ್ಟುಬಿಡಿ.”

ನಾನಿನ್ನೂ ವ್ಯಾಪಾರಿಗೆ ಬೈಯುತ್ತಲೇ ಇದ್ದೆ, ಗೌಡರು ಖಾಲಿ ಗೋಣಿ ಹಿಂಡುತ್ತ ಬಂದರು.

“ಇಷ್ಟು ಬೇಗ ಸುಟ್ಟಿರಾ?”

“ಹೂ ಬಿಟ್ಟಿರೋದನ್ನ ಯಾರಾದ್ರೂ ಬೆಂಕಿಗೆ ಹಾಕ್ತಾರಾ ಸ್ವಾಮಿ? ಕೈ ಮುಗಿದು ಕಾವೇರಮ್ಮಂಗೆ ಬಿಟ್ಟೆ.”

ಸೇತುವೆಗೆ ಓಡಿದೆ. ನೇರಳೆ ಹೂಗಳು ತೇಲುತ್ತ ತಿರುವಿನಲ್ಲಿ ಮರೆಯಾಗುತ್ತಿದ್ದವು.

ವ್ಯಾಪಾರಿ ಪಕ್ಕಕ್ಕೆ ಬಂದು ಇಣುಕಿದ. “ನಾನು ನಾಲ್ಕು ಕೊಳಕ್ಕೆ ಕೊಡೋಣ ಅಂತ ತಂದೆ ಸಾರ್. ನೀವು ಹೊಳೆಗೇ ಕೊಟ್ಟುಬಿಟ್ರಿ.”

ಹೊಳೆ ಹರಿಯುವುದು ಮೈಸೂರಿನ ಕಡೆಗೆ. ನನಗಿದ್ದ ಅಪ್ಪಣೆಯೋ, ಕೊಡಗಿಗೆ ಬರುವ ಗಿಡವನ್ನು ತಡೆಯುವುದು ಮಾತ್ರ. ಹಾಗಾಗಿ ಆ ದಿನ ನಾನು ನನ್ನ ಕೆಲಸವನ್ನು ಸರಿಯಾಗಿಯೇ ಮಾಡಿದ್ದೆ.