ಕೊಳವೆಯೊಳಗಿನ ಕಿಟ್ಟ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಬಚ್ಚಲ ಒಲೆಯ ಹೊಗೆಕೊಳವೆಗೆ ಬೆಂಕಿ ಹತ್ತಿದಾಗ ಅದು ಕೆಂಡದಂತೆ ಕೆಂಪಾಗಿತ್ತು ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಕೆಂಪೇನೂ ಆಗಿರಲಿಲ್ಲ, ಘಟ್ಟ ಹತ್ತುವ ಜೀಪಿನ ಹಾಗೆ ಸದ್ದು ಮಾಡಿತಷ್ಟೇ ಎಂದು ನನ್ನ ಗಂಡ ತಿದ್ದುತ್ತಾರೆ. ಕೆಂಪನ್ನು ಆಮೇಲೆ ನಾನೇ ಬಳಿದಿರಬಹುದು. ಆದರೆ ತಪ್ಪು ಯಾರ ತಲೆಗೆ ಬಂತು ಎಂಬುದನ್ನು ಮಾತ್ರ ಯಾರೂ ತಿದ್ದುವುದಿಲ್ಲ.

ಬಾಳೂರಿನ ನಮ್ಮ ಮನೆಯಲ್ಲಿ ಬಚ್ಚಲ ಒಲೆ ಆರಬಾರದು. ಅದು ಅತ್ತೆಯ ಕಾನೂನು. ಕಿತ್ತ ರೊಬಸ್ಟಾ ಕಾಫಿಗಿಡದ ಬೊಡ್ಡೆಯನ್ನು ಹಸಿಯಾಗಿಯೇ ತುರುಕಿ, ಒಲೆಯ ಬಾಯಿಗೆ ತಗಡು ಮುಚ್ಚಿದರಾಯಿತು. ಅದು ಉರಿಯದೆ, ಆರದೆ, ಮುನಿಸಿಕೊಂಡಂತೆ ಬೆಳಗಿನವರೆಗೂ ಹೊಗೆಯಾಡುತ್ತದೆ. ಯಾರು ಎದ್ದರೂ ಹಂಡೆಯಲ್ಲಿ ಬಿಸಿನೀರು. ನೆಂಟರೆಲ್ಲ ಹೊಗಳುವುದು ಆ ನೀರನ್ನೇ. ನನಗೋ ಅದರ ಮುಂದಿನ ಮಣೆ ಮುಖ್ಯ. ಯಾರು ಬಂದರೂ ಎದ್ದು ನಿಲ್ಲಬೇಕಿಲ್ಲದೆ ಈ ಮನೆಯಲ್ಲಿ ನಾನು ಕೂತು ಓದುವ ಒಂದೇ ಜಾಗ ಅದು.

ಅತ್ತೆ ಕಳಸದ ಮಗಳ ಮನೆಗೆ ಹೋಗಿದ್ದ ದಿನ ನಾನು ಒಣಗಿದ ಸಿಲ್ವರ್ ಓಕ್ ಸೌದೆ ಇಟ್ಟು, ತಗಡು ತೆಗೆದು, ಧಗಧಗ ಉರಿಸಿದೆ. ಉರಿ ಮೇಲೇರಿ ಕೊಳವೆಯನ್ನೇ ಹಿಡಿಯಿತು. ಗಂಡನ ಅಣ್ಣ ಓಡಿಬಂದು ಒದ್ದೆ ಗೋಣಿಯಿಂದ ಒಲೆಯ ಬಾಯಿ ಮುಚ್ಚಿದರು. ಗಾಳಿಯಿಲ್ಲದೆ ಬೆಂಕಿ ಸತ್ತಿತು. ಭಾವನ ಬಾಯಿ ಮುಚ್ಚಲು ಗೋಣಿ ಇರಲಿಲ್ಲ.

"ಎಂ.ಎ. ಓದಿದೋರು ಒಲೆ ಹಚ್ಚಿದ್ರೆ ಹಿಂಗೇ ಮಾರಾಯ್ತಿ! ಈ ಒಲೆನೇ ಬೇಡ. ಒಡೆಸಿ ಗೀಸರ್ ಹಾಕ್ಸೋದೇ."

"ಮಳೆಗಾಲದಲ್ಲಿ ಕರೆಂಟೆಲ್ಲಿ ಭಾವ?"

"ಬಂದಾಗ ಸ್ನಾನ ಮಾಡಿ!"

ಮಾರನೆಯ ದಿನ ಒಲೆ ತಣ್ಣಗಾದ ಮೇಲೆ ಬಿದಿರುಗಳುವಿನ ತುದಿಗೆ ತಂತಿಬ್ರಷ್ ಕಟ್ಟಿಕೊಂಡು ನಾನೇ ಮಾಡು ಹತ್ತಿದೆ.

"ಇಳೀರಿ, ಎಸ್ಟೇಟಿನ ಆಳುಗಳೆಲ್ಲ ನೋಡ್ತಿದಾರೆ," ಎಂದರು ಭಾವ ಕೆಳಗಿನಿಂದ.

"ನೋಡ್ಲಿ. ನೀವು ಒಳಗೆ ಹೋಗಿ ಒಲೆ ಬಾಯಿಗೆ ಬಕೆಟ್ ಹಿಡೀರಿ."

ಆಶ್ಚರ್ಯ, ಹಿಡಿದರು. ಅದಕ್ಕೆ ಉದುರಿದ್ದು ಸುಟ್ಟ ಬೆಲ್ಲದಂತೆ ಹೊಳೆಯುವ ಕಪ್ಪು ಚೆಕ್ಕೆಗಳು. ಅಡಿಗೆಮನೆಯ ಮಾಡಿನಲ್ಲಿ ಜೋಲುವ ಒಣಮಸಿ, ಇಲ್ಲಣ, ಪೊರಕೆ ಕಂಡರೆ ಉದುರುತ್ತದೆ. ಇದು ಕಿಟ್ಟ, ಡಾಂಬರಿನ ದಾಯಾದಿ. ಕ್ರಿಯೋಸೋಟ್ ಎಂದು ಇಂಗ್ಲಿಷಿನ ಹೆಸರು. ಹಸಿ ಸೌದೆಯ ಹೊಗೆ ಬಿಸಿಯಿಲ್ಲದೆ ತೆವಳುತ್ತಾ ಮೇಲೇರಿ, ಕೊಳವೆಯ ಗೋಡೆಗೆ ಅಂಟಿ ಗಟ್ಟಿಯಾದದ್ದು; ಜೋರು ಉರಿ ತಾಗಿದರೆ ತಾನೇ ಹೊತ್ತಿಕೊಳ್ಳುವಂಥದ್ದು. ನಾನು ಗೀರಿದ್ದು ಕಡ್ಡಿ ಮಾತ್ರ. ಮದ್ದು ತುಂಬಿದ್ದು ವರ್ಷಗಟ್ಟಲೆ ಸದ್ದಿಲ್ಲದೆ ಹೊಗೆಯಾಡಿದ ಆ ಮರ್ಯಾದಸ್ಥ ಬೆಂಕಿ. ಮಸಿಯಲ್ಲೂ ವಾದ ಹುಡುಕುವುದು ಓದಿದವರ ಚಟವೇ? ಇರಬಹುದು. ಆದರೂ ಬಕೆಟ್ಟು ತುಂಬಿದ್ದು ನಿಜ.

ಗೀಸರ್ ಬಂದು ಜಗಲಿಯಲ್ಲಿ ಕೂತಿದೆ. ಒಣ ಸೌದೆಯೇ ಉರಿಸುತ್ತೇನೆ, ಮಳೆಗೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಮಾಡು ಹತ್ತುತ್ತೇನೆ, ಒಲೆಯ ಮೇಲೆ ಹಾರೆ ಬೀಳಲು ಬಿಡುವುದಿಲ್ಲ ಎಂದು ನಾನು ಹೇಳಿಯಾಗಿದೆ. ಭಾವ ಅತ್ತೆಯ ಮಾತಿಗೆ ಕಾದಿದ್ದಾರೆ. ಕಳಸದಿಂದ ಬಂದ ಅತ್ತೆ ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದು ಚೆಕ್ಕೆ ಮುರಿದು, ಮೂಸಿ, ಬಹಳ ಹೊತ್ತು ಕೈಯಲ್ಲೇ ಇಟ್ಟುಕೊಂಡರು. ಆಗ ನಾನು ಕೇಳಿದೆ:

"ಅತ್ತೆ, ಈ ಮನೆಗೆ ಬಂದಾಗಿಂದ ಒಂದೇ ಒಂದ್ಸಲನಾದ್ರೂ, ತಗಡು ತೆಗೆದು ಉರಿಸ್ಬೇಕು ಅಂತ ನಿಮ್ಗೆ ಅನ್ನಿಸ್ಲೇ ಇಲ್ವಾ?"